ಜೆನೆಟಿಕ್ಸ್ ಓದುವ ಮಕ್ಕಳಿಗೆ ಲ್ಯಾಬಿನ ಬಾಗಿಲು ತೆಗೆಯಿರಿ

ಇವರಿಗೆ,
ಮಾನ್ಯ ಉನ್ನತ ಶಿಕ್ಷಣ ಸಚಿವರು ಮತ್ತು ಮಾನ್ಯ ಕೃಷಿ ಸಚಿವರು, ಕರ್ನಾಟಕ ಸರ್ಕಾರ,
ಹಾಗೂ ಧಾರವಾಡ, ಗದಗ, ಹಾವೇರಿ ಭಾಗದ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳು

ವಿಷಯ: ಜೆನೆಟಿಕ್ಸ್ ವಿದ್ಯಾರ್ಥಿಗಳ ಸಂಶೋಧನಾ ತರಬೇತಿ ಮತ್ತು ಉದ್ಯೋಗದ ಬಗ್ಗೆ

ಮಾನ್ಯರೇ,

ನಾನು ಹಾವೇರಿ ಜಿಲ್ಲೆಯವಳು. ರೈತರ ಮನೆಯ ಮಗಳು. ಜೆನೆಟಿಕ್ಸ್‌ನಲ್ಲಿ (ತಲೆಮಾರಿನಿಂದ ತಲೆಮಾರಿಗೆ ಬರುವ ಗುಣಗಳ ವಿಜ್ಞಾನ) ಎಂ.ಎಸ್ಸಿ ಮುಗಿಸಿ ಪಿಎಚ್.ಡಿ ಮಾಡಿದ್ದೇನೆ. ಈಗ ಧಾರವಾಡದಲ್ಲಿ ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡುತ್ತಿದ್ದೇನೆ. ಓದಿದ ವಿಶ್ವವಿದ್ಯಾಲಯದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಬರೆದರೆ ಅದು ಒಂದೇ ಕಡೆಯ ದೂರು ಅಂತಾಗುತ್ತದೆ. ಅಲ್ಲಿಗೊಂದು ನೋಟಿಸ್ ಹೋಗುತ್ತದೆ, ಅಲ್ಲಿಂದೊಂದು ಉತ್ತರ ಬರುತ್ತದೆ, ಫೈಲು ಮುಚ್ಚುತ್ತದೆ. ಬೇರೆ ಬೇರೆ ವಿಶ್ವವಿದ್ಯಾಲಯಗಳಲ್ಲಿ ಓದಿದ ಗೆಳತಿಯರ ಹತ್ತಿರ ಮಾತಾಡಿದಾಗಲೂ ಹೆಚ್ಚು ಕಡಿಮೆ ಇದೇ ಕಥೆ ಕೇಳಿದ್ದೇನೆ.

ನನ್ನ ದೂರು ಇಷ್ಟು. ನಮ್ಮಲ್ಲಿ ಜೆನೆಟಿಕ್ಸ್ ಪದವಿ ಕೊಡುತ್ತಾರೆ, ಜೆನೆಟಿಕ್ಸ್ ಕೆಲಸ ಕಲಿಸುವುದಿಲ್ಲ. ಕೆಲಸ ಬರದವರನ್ನು ಯಾರೂ ನೇಮಿಸಿಕೊಳ್ಳುವುದಿಲ್ಲ. ಆಮೇಲೆ "ಆ ಸಬ್ಜೆಕ್ಟಿಗೆ ಸ್ಕೋಪ್ ಇಲ್ಲ" ಅನ್ನುವ ಮಾತು ಊರೆಲ್ಲಾ ಹರಡುತ್ತದೆ. ಬೇಕಿದ್ದರೆ ಒಂದು ಸಂಜೆ ಧಾರವಾಡದ ಸಪ್ತಾಪುರಕ್ಕೆ ಬನ್ನಿ. ಅಲ್ಲಿನ ಓದುವ ಕೋಣೆಗಳಲ್ಲಿ ಪಿ.ಎಸ್.ಐ, ಎಫ್.ಡಿ.ಎ ಪರೀಕ್ಷೆಗೆ ಕೂತವರಲ್ಲಿ ಎಂ.ಎಸ್ಸಿ ಮಾಡಿದವರು ಎಷ್ಟು ಜನ ಅಂತ ನೀವೇ ಕೇಳಿ ನೋಡಿ. ಆ ನೌಕರಿಗಳು ಕಡಿಮೆ ಅಂತ ನಾನು ಹೇಳುತ್ತಿಲ್ಲ. ಆದರೆ ಜೀನ್, ಮಾರ್ಕರ್, ತಳಿ ಸಂಕರಣ ಅಂತ ವರ್ಷಗಟ್ಟಲೆ ಓದಿದ ಹುಡುಗಿ ಕೊನೆಗೆ ಸಾಮಾನ್ಯ ಜ್ಞಾನದ ಗೈಡ್ ಹಿಡಿದು ಕೂರುವುದು ಅವಳೊಬ್ಬಳ ನಷ್ಟ ಅಲ್ಲ.

ಇದು ನಡೆಯುತ್ತಿರುವುದು ಯಾವ ಜಾಗದಲ್ಲಿ ಅನ್ನುವುದನ್ನೂ ನೋಡಿ. 1972ರಲ್ಲಿ ವರಲಕ್ಷ್ಮಿ ಹತ್ತಿ ಹೊರಬಂದದ್ದು ಧಾರವಾಡದ ಸಂಶೋಧನಾ ಕೇಂದ್ರದಿಂದ. ಡಾ. ಬಿ.ಎಚ್. ಕಟರಕಿ ಅವರು ಎರಡು ಬೇರೆ ಬೇರೆ ಪ್ರಭೇದದ ಹತ್ತಿಗಳನ್ನು ಕೂಡಿಸಿ, ರೈತರ ಹೊಲದಲ್ಲಿ ಲಾಭಕ್ಕೆ ಬೆಳೆಯುವಂಥ ಹೈಬ್ರಿಡ್ ತೆಗೆದರು. ಪ್ರಪಂಚದಲ್ಲೇ ಅಂಥ ಹೈಬ್ರಿಡ್ ಅದು ಮೊದಲನೆಯದು. ಅದರ ಹಿಂದೆ ಡಿ.ಸಿ.ಎಚ್-32 ಬಂತು. ನಮ್ಮ ಹಿರಿಯರು ಅದನ್ನು ಜಯಲಕ್ಷ್ಮಿ ಅಂತಲೇ ಕರೆಯುತ್ತಾರೆ. 1986ರಲ್ಲಿ ಧಾರವಾಡಕ್ಕೆ ಕೃಷಿ ವಿಶ್ವವಿದ್ಯಾಲಯ ಬಂದ ಮೇಲೆ ಜಿ.ಪಿ.ಬಿ.ಡಿ-4 ಶೇಂಗಾ ಬಂತು. ತುಕ್ಕು ರೋಗ, ಎಲೆಚುಕ್ಕೆ ರೋಗ ಎರಡನ್ನೂ ತಡೆಯುವ ತಳಿ ಅದು. ಅದರ ತುಕ್ಕು ನಿರೋಧಕ ಗುಣವನ್ನು ಡಿ.ಎನ್.ಎ ಮಾರ್ಕರ್ (ಬೇಕಾದ ಗುಣ ಸಸಿಯಲ್ಲಿ ಇದೆಯಾ ಅಂತ ತೋರಿಸುವ ಡಿ.ಎನ್.ಎ ಗುರುತು) ಹಿಡಿದು ಬೇರೆ ಶೇಂಗಾ ತಳಿಗಳಿಗೆ ಸೇರಿಸುವ ಕೆಲಸ ಹೈದರಾಬಾದ್ ಹತ್ತಿರದ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನಲ್ಲಿ ನಡೆಯಿತು. ಸದಕ ಗೋಧಿಯ ಗಿಡ್ಡ ತಳಿಗಳೂ ಇಲ್ಲಿಯವೇ.

ಅಣ್ಣಿಗೇರಿ ಕಡಲೆಯ ಕಥೆ ನನಗೆ ಇನ್ನೂ ಹತ್ತಿರದ್ದು. ಅಣ್ಣಿಗೇರಿ-1 ಅಂದರೆ ಈ ಕಡೆಯ ರೈತರಿಗೆ ಮನೆಮಾತು. ಆದರೆ ಅದಕ್ಕೆ ಗಿಡ ಒಣಗಿಸುವ ಸಿಡಿ ರೋಗ ಬೀಳುತ್ತಿತ್ತು. ಡಬ್ಲ್ಯು.ಆರ್-315 ಅನ್ನುವ ಕಡಲೆಯಲ್ಲಿ ಆ ರೋಗ ತಡೆಯುವ ಗುಣ ಇತ್ತು. ರಾಯಚೂರು ಕೃಷಿ ವಿಶ್ವವಿದ್ಯಾಲಯ ಮತ್ತು ಇಕ್ರಿಸ್ಯಾಟ್ ಸೇರಿ, ಮಾರ್ಕರ್ ಸಹಾಯದಿಂದ ಆ ಗುಣವನ್ನಷ್ಟೇ ಅಣ್ಣಿಗೇರಿಗೆ ತಂದು ಸೂಪರ್ ಅಣ್ಣಿಗೇರಿ-1 ಮಾಡಿದರು. ಇಂಥ ಕೆಲಸದಲ್ಲಿ ಪ್ರತಿ ಪೀಳಿಗೆಯಲ್ಲೂ ನೂರಾರು ಸಸಿಗಳ ಎಲೆ ಕಿತ್ತು, ಡಿ.ಎನ್.ಎ ತೆಗೆದು, ಯಾವ ಸಸಿಗೆ ಬೇಕಾದ ಗುಣ ಬಂದಿದೆ ಅಂತ ಆರಿಸಬೇಕು. ಹಾಗೆ ಆರಿಸುವ ಕೈಗಳು ಇವತ್ತು ಈ ಭಾಗಕ್ಕೆ ಬೇಕು. ಅಂಥ ಕೈಗಳನ್ನೇ ನಾವು ತಯಾರು ಮಾಡುತ್ತಿಲ್ಲ.

ನಾನು ಕಂಡದ್ದನ್ನು ಹೇಳುತ್ತೇನೆ. ಎಂ.ಎಸ್ಸಿಯಲ್ಲಿ ನಮಗೆ ಡಿ.ಎನ್.ಎ ತೆಗೆಯುವ ಪ್ರಾಕ್ಟಿಕಲ್ ಇತ್ತು. ಮೇಜಿನ ಮುಂದೆ ಒಬ್ಬರು ಮಾಡುತ್ತಿದ್ದರು. ನಾವೆಲ್ಲಾ ಸುತ್ತ ನಿಂತು, ಹಿಂದಿನವರು ಕತ್ತು ಚಾಚಿ, ನೋಡುತ್ತಿದ್ದೆವು. ನೋಡಿದ್ದನ್ನೇ ರೆಕಾರ್ಡ್ ಪುಸ್ತಕದಲ್ಲಿ "ನಾನು ಮಾಡಿದೆ" ಅಂತ ಬರೆದೆವು. ಸಹಿ ಆಯಿತು, ಅಂಕ ಬಂತು. ಡಿ.ಎನ್.ಎ ತುಣುಕಿನ ಲಕ್ಷಾಂತರ ಪ್ರತಿ ಮಾಡುವ ಪಿ.ಸಿ.ಆರ್ ಯಂತ್ರ ಇತ್ತು, ಅದರ ಮೇಲೆ ಬಟ್ಟೆ ಹೊದಿಸಿತ್ತು. ಕೆಟ್ಟರೆ ರಿಪೇರಿಗೆ ದುಡ್ಡಿಲ್ಲ, ಅದಕ್ಕೇ ಮುಟ್ಟಬೇಡಿ ಅನ್ನುತ್ತಿದ್ದರು. ಲ್ಯಾಬ್ ಟೆಕ್ನಿಷಿಯನ್ ನಿವೃತ್ತರಾದ ಮೇಲೆ ಆ ಹುದ್ದೆ ಖಾಲಿಯೇ ಉಳಿಯಿತು. ಬೀಗದ ಕೈ ಯಾರ ಹತ್ತಿರ ಇದೆ ಅಂತ ಹುಡುಕುವುದರಲ್ಲೇ ಎಷ್ಟೋ ಮಧ್ಯಾಹ್ನ ಕಳೆದಿವೆ.

ಕೈಯಿಂದ ಮಾಡುವುದಕ್ಕೂ ನೋಡುವುದಕ್ಕೂ ಎಷ್ಟು ವ್ಯತ್ಯಾಸ ಅಂತ ನನಗೆ ಗೊತ್ತಾದದ್ದು ಪಿಎಚ್.ಡಿಗೆ ಹತ್ತಿ ಎಲೆ ಹಿಡಿದಾಗ. ಎಳೆಯ ಎಲೆಯನ್ನು ಲಿಕ್ವಿಡ್ ನೈಟ್ರೋಜನ್ ಹಾಕಿ ಅರೆಯಬೇಕು. ಅದು ಮೈನಸ್ 196 ಡಿಗ್ರಿ. ಎಲೆ ಗಾಜಿನಂತೆ ಪುಡಿಯಾಗುತ್ತದೆ. ಕರಗುವುದರೊಳಗೆ ಬಿಸಿ ಬಫರ್‌ಗೆ ಹಾಕಿ, 65 ಡಿಗ್ರಿಯ ವಾಟರ್ ಬಾತ್‌ನಲ್ಲಿ ಇಡಬೇಕು. ಕ್ಲೋರೋಫಾರ್ಮ್ ಹಾಕಿ ಸೆಂಟ್ರಿಫ್ಯೂಜ್ ಮಾಡಿದರೆ ಮೇಲೆ ತಿಳಿ ನಿಲ್ಲುತ್ತದೆ. ಆ ತಿಳಿಗೆ ತಣ್ಣನೆಯ ಐಸೊಪ್ರೊಪನಾಲ್ ಸೇರಿಸಿ ಟ್ಯೂಬನ್ನು ಮೆಲ್ಲಗೆ ಮೇಲೆ ಕೆಳಗೆ ಮಾಡಿದರೆ ಬಿಳಿ ಎಳೆಗಳು ತೇಲುತ್ತವೆ. ಅದೇ ಡಿ.ಎನ್.ಎ. ಆದರೆ ಹತ್ತಿ ಎಲೆಯಲ್ಲಿ ಪಾಲಿಫಿನಾಲ್ ಜಾಸ್ತಿ. ಸ್ವಲ್ಪ ತಡವಾದರೂ ಎಳೆ ಕಂದು ಬಣ್ಣಕ್ಕೆ ತಿರುಗುತ್ತದೆ, ಮುಂದೆ ಪಿ.ಸಿ.ಆರ್ ಏಳುವುದೇ ಇಲ್ಲ. ಎಷ್ಟು ಎಲೆ ತಗೋಬೇಕು, ಎಷ್ಟು ಹೊತ್ತು ಅರೀಬೇಕು, ಬಫರ್‌ಗೆ ಇನ್ನೇನು ಸೇರಿಸಬೇಕು ಅನ್ನುವುದೆಲ್ಲಾ ಕೆಡಿಸಿ ಕೆಡಿಸಿಯೇ ಬರುವ ವಿದ್ಯೆ. ನಮ್ಮ ಎಂ.ಎಸ್ಸಿ ಮಕ್ಕಳಿಗೆ ಕೆಡಿಸುವ ಅವಕಾಶವೇ ಇಲ್ಲ ಮಾನ್ಯರೇ.

ಪಿಎಚ್.ಡಿಯಲ್ಲೂ ಅರ್ಧ ಕೆಲಸ ನಮ್ಮ ಕೈಯಲ್ಲಿ ಇರುವುದಿಲ್ಲ. ಎಲೆ ಸ್ಯಾಂಪಲ್ಲನ್ನು ಕೊರಿಯರ್ ಮಾಡಿ ಹೊರಗಿನ ಕಂಪನಿಗೆ ಕಳಿಸುತ್ತೇವೆ. ಕೆಲವು ವಾರ ಬಿಟ್ಟು ಎಕ್ಸೆಲ್ ಶೀಟು ಮತ್ತು ಬಣ್ಣದ ಚಿತ್ರಗಳು ಇಮೇಲಿಗೆ ಬರುತ್ತವೆ. ಅವೇ ಥೀಸಿಸ್ಸಿನಲ್ಲಿ ಅಧ್ಯಾಯ ಆಗುತ್ತವೆ. ಬಿಲ್ಲನ್ನು ವಿದ್ಯಾರ್ಥಿಯೇ ಕಟ್ಟಿದ್ದನ್ನು ನೋಡಿದ್ದೇನೆ. ಸೀಕ್ವೆನ್ಸಿಂಗ್ (ಡಿ.ಎನ್.ಎಯ ಅಕ್ಷರಗಳನ್ನು ಓದಿಸುವುದು) ಹೊರಗೆ ಮಾಡಿಸುವುದು ತಪ್ಪಲ್ಲ, ಪ್ರಪಂಚದಲ್ಲಿ ಎಲ್ಲರೂ ಮಾಡಿಸುತ್ತಾರೆ. ಆದರೆ ಬಂದ ಡೇಟಾವನ್ನು ನಾವೇ ಬಿಡಿಸಿ ಓದುವುದನ್ನಾದರೂ ಕಲಿಸಬೇಕಲ್ವಾ? ಕಡಲೆಯ ಜೀನೋಮ್, ಅಂದರೆ ಅದರ ಪೂರ್ತಿ ಡಿ.ಎನ್.ಎ ಮಾಹಿತಿ, 2013ರಲ್ಲೇ ಪ್ರಕಟವಾಗಿದೆ. ಶೇಂಗಾದ್ದು 2019ರಲ್ಲಿ ಬಂತು. ಎಲ್ಲವೂ ಇಂಟರ್ನೆಟ್ಟಿನಲ್ಲಿ ಬಿಟ್ಟಿ ಸಿಗುತ್ತದೆ. ಒಂದು ಒಳ್ಳೆಯ ಕಂಪ್ಯೂಟರ್, ಲಿನಕ್ಸ್ ಮತ್ತು ಆರ್ ಅನ್ನುವ ಸಾಫ್ಟ್‌ವೇರ್ ಹೇಳಿಕೊಡುವ ಒಬ್ಬ ಮೇಷ್ಟ್ರು ಇದ್ದರೆ ಗದಗಿನ ಹುಡುಗ ಗದಗಿನಲ್ಲೇ ಕೂತು ಸಂಶೋಧನೆ ಮಾಡಬಹುದು. ಇದಕ್ಕೆ ಕೋಟಿ ರೂಪಾಯಿಯ ಯಂತ್ರವೇನೂ ಬೇಡ.

ಕೈಕೆಲಸ ಇಲ್ಲದಿರುವುದರ ಹೊಡೆತ ಪರೀಕ್ಷೆಯಲ್ಲೂ ಬೀಳುತ್ತದೆ. ಸಂಶೋಧನಾ ಫೆಲೋಶಿಪ್‌ಗೆ ದೇಶದ ಮಟ್ಟದಲ್ಲಿ ನಡೆಯುವ ಪರೀಕ್ಷೆಯಾದ ಸಿ.ಎಸ್.ಐ.ಆರ್-ಯು.ಜಿ.ಸಿ ನೆಟ್‌ನ ಲೈಫ್ ಸೈನ್ಸಸ್ ಪತ್ರಿಕೆಗೆ ಒಟ್ಟು 200 ಅಂಕ. ಅದರಲ್ಲಿ 100 ಅಂಕ ಪಾರ್ಟ್ ಸಿ ಒಂದಕ್ಕೇ. ಆ ಭಾಗದಲ್ಲಿ ಡಿ.ಎನ್.ಎ ತುಣುಕುಗಳನ್ನು ಗಾತ್ರದ ಪ್ರಕಾರ ಬೇರೆ ಮಾಡಿ ತೋರಿಸುವ ಜೆಲ್‌ನ ಚಿತ್ರ ಕೊಟ್ಟು ಇದರ ಅರ್ಥವೇನು ಅಂತ ಕೇಳುತ್ತಾರೆ, ಸಂಕರಣದ ಫಲಿತಾಂಶ ಕೊಟ್ಟು ಜೀನ್ ಎಲ್ಲಿದೆ ಹೇಳಿ ಅನ್ನುತ್ತಾರೆ. ಜೆಲ್ ಓಡಿಸಿಯೇ ಗೊತ್ತಿಲ್ಲದ ನಮ್ಮ ಮಕ್ಕಳು ಅದನ್ನು ಬಾಯಿಪಾಠ ಮಾಡಿ ಎದುರಿಸುತ್ತಾರೆ. ಒಳ್ಳೆಯ ರ್ಯಾಂಕಿನಲ್ಲಿ ಪಾಸಾದರೆ ಜೆ.ಆರ್.ಎಫ್ ಅನ್ನುವ ಕಿರಿಯ ಸಂಶೋಧನಾ ಫೆಲೋಶಿಪ್. 2023ರ ಜನವರಿಯಿಂದ ಅದು ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಎಸ್.ಆರ್.ಎಫ್ (ಹಿರಿಯ ಫೆಲೋಶಿಪ್) ಆದರೆ 42,000. ಪಾಸಾಗದಿದ್ದರೆ? ಕೇಂದ್ರೀಯ ವಿಶ್ವವಿದ್ಯಾಲಯದಲ್ಲಾದರೆ ನೆಟ್ ಇಲ್ಲದ ಪಿಎಚ್.ಡಿ ವಿದ್ಯಾರ್ಥಿಗೂ ಯು.ಜಿ.ಸಿಯ 8,000 ರೂಪಾಯಿ ಇದೆ. ರಾಜ್ಯದ ವಿಶ್ವವಿದ್ಯಾಲಯಗಳಿಗೆ ಆ ಯೋಜನೆ ಇಲ್ಲ. ಒಂದೇ ವಿಷಯ, ಒಂದೇ ಪದವಿ. ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸೇರಿದವರಿಗೆ ಇರುವ ಆಸರೆ ಧಾರವಾಡದಲ್ಲಿ ಸೇರಿದವರಿಗೆ ಇಲ್ಲ.

ಫೆಲೋಶಿಪ್ ಇದ್ದವರ ಪಾಡೂ ಸುಲಭವಲ್ಲ. ಅದು ತಿಂಗಳಿಗೆ ಸರಿಯಾಗಿ ಬರುವುದಿಲ್ಲ. ಆರು ತಿಂಗಳು, ಎಂಟು ತಿಂಗಳು ಬಿಟ್ಟು ಒಮ್ಮೆಲೇ ಬರುತ್ತದೆ. ಅಲ್ಲಿಯವರೆಗೆ ರೂಮಿನ ಬಾಡಿಗೆ, ಖಾನಾವಳಿ ಲೆಕ್ಕ ಸಾಲದಲ್ಲಿ ನಡೆಯುತ್ತದೆ. ನನ್ನ ಜತೆಗಿದ್ದ ಒಬ್ಬಳು ಇದೇ ಕಾರಣಕ್ಕೆ ಪಿಎಚ್.ಡಿ ಬಿಟ್ಟು ಹೋದಳು. ಅವಳಷ್ಟು ಚೆಂದ ಜೆಲ್ ಓಡಿಸುವವರನ್ನು ಆಮೇಲೆ ನಾನು ಕಂಡಿಲ್ಲ.

ಗೈಡ್‌ಗಳ ವಿಷಯವನ್ನೂ ಬರೆಯಲೇಬೇಕು. ನನಗೆ ಪಾಠ ಹೇಳಿದವರಲ್ಲಿ ನಿಜಕ್ಕೂ ದೊಡ್ಡ ಮನಸ್ಸಿನವರು ಇದ್ದರು. ಸ್ವಂತ ದುಡ್ಡಿನಲ್ಲಿ ಕೆಮಿಕಲ್ ತರಿಸಿಕೊಟ್ಟವರನ್ನು ನೋಡಿದ್ದೇನೆ. ಆದರೆ ಯು.ಜಿ.ಸಿಯ 2022ರ ನಿಯಮದಲ್ಲಿ ಪ್ರತಿ ಸೆಮಿಸ್ಟರ್ ಸಂಶೋಧನಾ ಸಲಹಾ ಸಮಿತಿಯ ಮುಂದೆ ವಿದ್ಯಾರ್ಥಿ ತನ್ನ ಕೆಲಸ ತೋರಿಸಬೇಕು ಅಂತಿದೆ. ನಾನು ಕಂಡ ಕಡೆ ಆ ಸಭೆ ಅಂದರೆ ವರಾಂಡದಲ್ಲಿ ಸಹಿ ಹಾಕಿಸಿಕೊಳ್ಳುವುದು. ಯಾರೂ ಡೇಟಾ ಕೇಳಲಿಲ್ಲ. ಎಲ್ಲಿ ಸಿಕ್ಕಿಬಿದ್ದಿದ್ದೀಯ ಅಂತಲೂ ಕೇಳಲಿಲ್ಲ. ಆ ಒಂದು ಪ್ರಶ್ನೆ ಮೊದಲ ವರ್ಷವೇ ಬಂದಿದ್ದರೆ ಎಷ್ಟೋ ಥೀಸಿಸ್‌ಗಳು ಬೇಗ ಮುಗಿಯುತ್ತಿದ್ದವು.

ಇನ್ನು ಉದ್ಯೋಗ. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಸುತ್ತ ಹೈಬ್ರಿಡ್ ಬೀಜ ಮಾಡುವುದೇ ದೊಡ್ಡ ದಂಧೆ. ಹತ್ತಿ, ಟೊಮೆಟೊ, ಮೆಣಸಿನಕಾಯಿ, ಬೆಂಡೆ ಎಲ್ಲದರ ಸೀಡ್ ಪ್ಲಾಟುಗಳಿವೆ. ನಮ್ಮ ಅವ್ವ ಕೂಡ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಸಂಜೆ ಹೊತ್ತಿಗೆ ನಾಳೆ ಅರಳುವ ಹತ್ತಿ ಮೊಗ್ಗು ಯಾವುದು ಅಂತ ಗುರುತು ಹಿಡಿಯಬೇಕು. ಹೆಬ್ಬೆರಳಿನ ಉಗುರಿನಿಂದ ಎಸಳು ಮತ್ತು ಕೇಸರಗಳನ್ನು ಒಟ್ಟಿಗೆ ಸುಲಿಯಬೇಕು, ನಡುವಿನ ಶಲಾಕೆಗೆ ಪೆಟ್ಟಾಗಬಾರದು. ಮರುದಿನ ಬೆಳಿಗ್ಗೆ ಗಂಡು ಹೂ ತಂದು ಅದಕ್ಕೆ ಸವರಿ ದಾರ ಕಟ್ಟಬೇಕು. ಒಂದು ಪರಾಗಕೋಶ ಉಳಿದರೂ ಬೀಜ ಸ್ವಂತ ಪರಾಗದ್ದಾಗುತ್ತದೆ, ಲಾಟಿನ ಶುದ್ಧತೆ ಕೆಡುತ್ತದೆ. ಇಷ್ಟೆಲ್ಲಾ ಗೊತ್ತಿರುವ ಹೆಣ್ಣುಮಕ್ಕಳು ದಿನಗೂಲಿಯಲ್ಲಿದ್ದಾರೆ. ಇದನ್ನು ಚಿತ್ರದಲ್ಲಷ್ಟೇ ನೋಡಿದ ನಾವು ಪದವೀಧರರು. ಇಬ್ಬರಿಗೂ ಒಳ್ಳೆಯ ನೌಕರಿ ಇಲ್ಲ.

ಆ ಲಾಟಿನ ಶುದ್ಧತೆ ನೋಡುವುದಕ್ಕೆ ಈಗಲೂ ಹೆಚ್ಚಾಗಿ ಗ್ರೋ ಔಟ್ ಟೆಸ್ಟ್ ಮಾಡುತ್ತಾರೆ. ಅಂದರೆ ಬೀಜದ ಸ್ಯಾಂಪಲ್ಲನ್ನು ಹೊಲದಲ್ಲಿ ಬಿತ್ತಿ, ಗಿಡ ಬೆಳೆದು ಹೂ ಬರುವ ತನಕ ಕಾಯುವುದು. ಒಂದು ಹಂಗಾಮೇ ಹೋಗುತ್ತದೆ. ಬೀಜ ಬೆಳೆದ ರೈತನ ಹಣ ಅಲ್ಲಿಯವರೆಗೆ ನಿಲ್ಲುತ್ತದೆ. ಡಿ.ಎನ್.ಎ ಮಾರ್ಕರಿನಿಂದ ಇದೇ ಪರೀಕ್ಷೆ ಕೆಲವೇ ದಿನದಲ್ಲಿ ಆಗುತ್ತದೆ. ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲಿ ಕೃಷಿ ಕಾಲೇಜು ಇದೆ, ಸಂಶೋಧನಾ ಕೇಂದ್ರ ಇದೆ. ಅಲ್ಲೊಂದು ಮಾರ್ಕರ್ ಪರೀಕ್ಷಾ ಕೇಂದ್ರ ಮಾಡಿದರೆ ರೈತರಿಗೆ ಫಲಿತಾಂಶ ಬೇಗ ಸಿಗುತ್ತದೆ, ಕಂಪನಿಗಳು ಶುಲ್ಕ ಕೊಡುತ್ತವೆ, ನಮ್ಮ ಮಕ್ಕಳು ಅಲ್ಲೇ ತರಬೇತಿ ಪಡೆದು ಅಲ್ಲೇ ಕೆಲಸಕ್ಕೆ ಸೇರಬಹುದು. ಕೃಷಿ ಸಚಿವರು ಈ ಒಂದು ಪ್ರಸ್ತಾವವನ್ನಾದರೂ ಕೈಗೆತ್ತಿಕೊಳ್ಳಬೇಕು ಅಂತ ನಾನು ಒತ್ತಾಯಿಸಿ ಕೇಳುತ್ತಿದ್ದೇನೆ.

ಬ್ಯಾಡಗಿ ಮೆಣಸಿನಕಾಯಿಗೂ ಇದು ಬೇಕು. 2011ರಲ್ಲಿ ಅದಕ್ಕೆ ಜಿ.ಐ (ಇದು ಈ ಪ್ರದೇಶದ್ದೇ ಅನ್ನುವ ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ಆದರೆ ಮೆಣಸಿನ ಹೂವಿಗೆ ಪಕ್ಕದ ಹೊಲದ ಪರಾಗ ಬಂದು ಬೀಳುತ್ತದೆ, ಜೇನುಹುಳಕ್ಕೆ ಜಿ.ಐ ಗಡಿ ಗೊತ್ತಿಲ್ಲ. ಡಬ್ಬಿ, ಕಡ್ಡಿ ತಳಿಗಳ ಬೀಜವನ್ನು ಬೆರಕೆಯಾಗದಂತೆ ಉಳಿಸುವುದು, ಮುಟುರು ರೋಗ ತಡೆಯುವ ಗುಣ ಹುಡುಕುವುದು ಜೆನೆಟಿಕ್ಸ್ ಓದಿದವರ ಕೆಲಸ. 2002ರಲ್ಲಿ ಕಾಯಿಕೊರಕ ಹುಳ ತಡೆಯುವ ಬಿ.ಟಿ ಹತ್ತಿಗೆ ಅನುಮತಿ ಸಿಕ್ಕ ಮೇಲೆ ಹತ್ತಿ ಬೀಜದ ಮಾರುಕಟ್ಟೆ ಖಾಸಗಿ ಕಂಪನಿಗಳ ಪಾಲಾಯಿತು, ಸರ್ಕಾರಿ ತಳಿಗಳು ಹಿಂದೆ ಬಿದ್ದವು. ಮೆಣಸಿನಕಾಯಿಯಲ್ಲಿ ಹಾಗಾಗುವ ಮೊದಲು ಜನರನ್ನು ತಯಾರು ಮಾಡಿ.

ಬೆಳೆಯ ಆಚೆಗೂ ಕೆಲಸ ಇದೆ. ನಮ್ಮ ಕಡೆ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದು ಇನ್ನೂ ಇದೆ. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದಾಗ ಕೆಲವು ಅನುವಂಶೀಯ ಕಾಯಿಲೆಗಳು ಮಕ್ಕಳಿಗೆ ಬರುವ ಸಾಧ್ಯತೆ ಜಾಸ್ತಿ. ಒಂದು ಮಗುವಿಗೆ ಹಾಗಾದ ಮೇಲೆ ಎರಡನೇ ಮಗುವಿಗೂ ಬರುತ್ತದಾ ಅಂತ ಕೇಳುವ ತಾಯಿಗೆ ಸಮಾಧಾನವಾಗಿ ಕೂತು, ಕನ್ನಡದಲ್ಲಿ, ಯಾರನ್ನೂ ದೂರದೆ ವಿವರಿಸುವವರು ಬೇಕು. ಅದಕ್ಕೆ ಜೆನೆಟಿಕ್ ಕೌನ್ಸೆಲರ್ ಅನ್ನುವ ಹುದ್ದೆಯೇ ಇದೆ. ಹುಬ್ಬಳ್ಳಿಯಲ್ಲಿ ಸುತ್ತಲಿನ ಜಿಲ್ಲೆಗಳ ರೋಗಿಗಳು ಬರುವ ದೊಡ್ಡ ಸರ್ಕಾರಿ ಆಸ್ಪತ್ರೆ ಇದೆ. ಅಲ್ಲಿಗೂ ಧಾರವಾಡದ ಜೀವವಿಜ್ಞಾನ ವಿಭಾಗಗಳಿಗೂ ಸೇರಿಸಿ ಒಂದು ಡಿಪ್ಲೊಮಾ ಶುರು ಮಾಡಬಹುದು. ಉನ್ನತ ಶಿಕ್ಷಣ ಸಚಿವರು ಆರೋಗ್ಯ ಇಲಾಖೆಯ ಜತೆ ಈ ಬಗ್ಗೆ ಮಾತಾಡಲಿ.

ಹಣ ಇಲ್ಲ ಅಂತ ಹೇಳುವುದು ಸುಲಭ. ಆದರೆ ಇದ್ದದ್ದನ್ನು ಹಂಚಿಕೊಂಡರೂ ಎಷ್ಟೋ ಆಗುತ್ತದೆ. ಹುಬ್ಬಳ್ಳಿಯಿಂದ ಧಾರವಾಡ ಸುಮಾರು 20 ಕಿಲೋಮೀಟರ್. ಇಷ್ಟರೊಳಗೆ ಕೃಷಿ ವಿಶ್ವವಿದ್ಯಾಲಯ, ಕರ್ನಾಟಕ ವಿಶ್ವವಿದ್ಯಾಲಯ, ವೈದ್ಯಕೀಯ ಕಾಲೇಜುಗಳು, ಐ.ಐ.ಟಿ, ಐ.ಐ.ಐ.ಟಿ ಎಲ್ಲಾ ಇವೆ. ಒಬ್ಬರ ಹತ್ತಿರ ಬೆಳೆ ಇದೆ, ಒಬ್ಬರ ಹತ್ತಿರ ರೋಗಿಗಳಿದ್ದಾರೆ, ಒಬ್ಬರಿಗೆ ಕೋಡಿಂಗ್ ಬರುತ್ತದೆ. ಒಂದು ಕಡೆಯ ವಿದ್ಯಾರ್ಥಿ ಇನ್ನೊಂದು ಕಡೆಯ ಯಂತ್ರ ಬಳಸಬೇಕಾದರೆ ಪತ್ರದ ಮೇಲೆ ಪತ್ರ ಬರೆದು ತಿಂಗಳುಗಟ್ಟಲೆ ಕಾಯುವ ಸ್ಥಿತಿ ಯಾಕಿರಬೇಕು? ಕುಲಪತಿಗಳೆಲ್ಲಾ ಒಮ್ಮೆ ಒಟ್ಟಿಗೆ ಕೂತು ಒಂದು ಒಪ್ಪಂದ ಮಾಡಿಕೊಳ್ಳಿ. ಯಾವ ಯಂತ್ರ ಎಲ್ಲಿದೆ, ಯಾವ ದಿನ ಖಾಲಿ ಇದೆ, ಯಾರನ್ನು ಕೇಳಬೇಕು ಅನ್ನುವುದು ಎಲ್ಲರಿಗೂ ಕಾಣುವಂತೆ ಹಾಕಿ. ಯಂತ್ರ ಕೊಳ್ಳುವಾಗಲೇ ಅದರ ವಾರ್ಷಿಕ ನಿರ್ವಹಣೆಗೂ ಹಣ ಎತ್ತಿಡಿ. ಟೆಕ್ನಿಷಿಯನ್ ಹುದ್ದೆಗಳನ್ನು ತುಂಬಿ. ಟೆಕ್ನಿಷಿಯನ್ ಇಲ್ಲದ ಲ್ಯಾಬಿಗೆ ಹೊಸ ಯಂತ್ರ ಬಂದು ಏನು ಮಾಡುತ್ತದೆ?

ಎಂ.ಎಸ್ಸಿಯ ಒಂದು ಪೂರ್ತಿ ಸೆಮಿಸ್ಟರ್‌ನಲ್ಲಿ ಪ್ರತಿ ವಿದ್ಯಾರ್ಥಿಗೂ ಅವನದೇ ಗಿಡ, ಅವನದೇ ಸ್ಯಾಂಪಲ್, ಅವನದೇ ಜೆಲ್ ಇರಲಿ. ಫಲಿತಾಂಶ ಕೆಟ್ಟರೆ ಅಂಕ ಕಡಿತ ಬೇಡ, ಯಾಕೆ ಕೆಟ್ಟಿತು ಅಂತ ಬರೆಸಿ ಅದಕ್ಕೇ ಅಂಕ ಕೊಡಿ. ಬೇಸಿಗೆ ರಜೆಯಲ್ಲಿ ಸೀಡ್ ಪ್ಲಾಟಿಗೋ ಸಂಶೋಧನಾ ಕೇಂದ್ರಕ್ಕೋ ಕಳಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಮತ್ತು ಇತರ ಎರಡು ಅಕಾಡೆಮಿಗಳು ಸೇರಿ ಪ್ರತಿವರ್ಷ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತವೆ. ಎರಡು ತಿಂಗಳು ದೊಡ್ಡ ಲ್ಯಾಬಿನಲ್ಲಿ ಕೆಲಸ ಮಾಡಬಹುದು. ನಾನು ಓದುವಾಗ ಇದನ್ನು ನಮಗೆ ಯಾರೂ ಹೇಳಲಿಲ್ಲ. ಗೊತ್ತಾಗದೆ ನನ್ನ ಜತೆಯವರು ಹತ್ತಾರು ಸಾವಿರ ಸುರಿದು ಬೆಂಗಳೂರಿನಲ್ಲಿ ಖಾಸಗಿ ಟ್ರೇನಿಂಗ್ ಸರ್ಟಿಫಿಕೇಟ್ ತಂದರು. ಇಂಥ ಸೂಚನೆಗಳನ್ನು ವಿಭಾಗದ ಬೋರ್ಡಿಗೆ ಹಚ್ಚಿ, ಅರ್ಜಿ ಬರೆಯಲು ಸಹಾಯ ಮಾಡುವುದಕ್ಕೆ ಒಬ್ಬ ಅಧ್ಯಾಪಕರಿಗೆ ಜವಾಬ್ದಾರಿ ಕೊಟ್ಟರೆ ಸಾಕು. ಪೈಸೆ ಖರ್ಚಿಲ್ಲ.

ರಾಜ್ಯ ಸರ್ಕಾರ ತನ್ನ ವಿಶ್ವವಿದ್ಯಾಲಯಗಳಲ್ಲಿ ಪೂರ್ಣಾವಧಿ ಪಿಎಚ್.ಡಿ ಮಾಡುವ ಎಲ್ಲರಿಗೂ ಒಂದು ಕನಿಷ್ಠ ಫೆಲೋಶಿಪ್ ಘೋಷಿಸಲಿ, ಅದು ತಿಂಗಳ ಮೊದಲ ವಾರ ಖಾತೆಗೆ ಬೀಳಲಿ. ಖಾಲಿ ಇರುವ ಅಧ್ಯಾಪಕರ ಹುದ್ದೆ, ವಿಜ್ಞಾನಿ ಹುದ್ದೆಗಳನ್ನು ಕಾಯಂ ಆಗಿ ತುಂಬಲಿ. ನನ್ನಂಥ ಅತಿಥಿ ಉಪನ್ಯಾಸಕರು ಪಾಠ ಮುಗಿಸಿ ಹೋಗಬಹುದು, ಆದರೆ ನಮಗೆ ಪಿಎಚ್.ಡಿ ವಿದ್ಯಾರ್ಥಿಗಳನ್ನು ಇಟ್ಟುಕೊಳ್ಳುವ ಹಕ್ಕಿಲ್ಲ, ಪ್ರಾಜೆಕ್ಟ್ ತರುವುದಕ್ಕೂ ಆಗುವುದಿಲ್ಲ. ಹತ್ತು ವರ್ಷ, ಹನ್ನೆರಡು ವರ್ಷ ಹಿಡಿಯುವ ತಳಿ ಅಭಿವೃದ್ಧಿಯ ಕೆಲಸವನ್ನು ಸೆಮಿಸ್ಟರ್ ಲೆಕ್ಕದ ಗುತ್ತಿಗೆಯಲ್ಲಿ ನಡೆಸಲು ಬರುವುದಿಲ್ಲ.

ಕೊನೆಯದಾಗಿ ಕುಲಪತಿಗಳಲ್ಲಿ ಒಂದು ಮನವಿ. ಕಳೆದ ಹತ್ತು ವರ್ಷದಲ್ಲಿ ನಿಮ್ಮಲ್ಲಿ ಜೆನೆಟಿಕ್ಸ್, ತಳಿಶಾಸ್ತ್ರ, ಬಯೋಟೆಕ್ನಾಲಜಿಯಲ್ಲಿ ಎಂ.ಎಸ್ಸಿ ಮತ್ತು ಪಿಎಚ್.ಡಿ ಮುಗಿಸಿದವರು ಈಗ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಅಂತ ವಿಚಾರಿಸಿ ಪಟ್ಟಿ ಪ್ರಕಟಿಸಿ. ಹೆಸರು ಬೇಡ, ಲೆಕ್ಕ ಸಾಕು. ಮುಂದಿನ ಪ್ರವೇಶದ ಅಧಿಸೂಚನೆ ಹೊರಡುವ ಮೊದಲು ಅದು ಹೊರಬರಲಿ. ನನ್ನ ತರಗತಿಯಲ್ಲಿ ಈ ವರ್ಷ ಬಿ.ಎಸ್ಸಿ ಮುಗಿಸುವ ಹುಡುಗಿಯರು "ಮೇಡಂ, ಜೆನೆಟಿಕ್ಸ್ ತಗೋಬಹುದಾ?" ಅಂತ ಕೇಳುತ್ತಿದ್ದಾರೆ. ಅವರು ಅರ್ಜಿ ಹಾಕುವುದರೊಳಗೆ ನಿಮ್ಮ ಉತ್ತರ ನನಗೆ ಬೇಕು.

ಇಂತಿ ತಮ್ಮ ವಿಶ್ವಾಸಿ,
ಹಾವೇರಿ ಜಿಲ್ಲೆಯ ಒಬ್ಬ ಜೆನೆಟಿಕ್ಸ್ ಅತಿಥಿ ಉಪನ್ಯಾಸಕಿ
ಧಾರವಾಡ